ಲಾ ವೀ ಎ ಬೆಲ್ಲೋ, ಫ್ಲವರ್‌ಬಾಂಬೋ? ನಾಲ್ಕನೇ ಗಂಟೆವರೆಗೆ ಕಾಯಿರಿ

ಸಿಹಿಯಾಗಿರುವ, ಹೂವಿನ ಪರಿಮಳದ ಸೆಂಟು ಬೇಕೆಂದು ದೊಡ್ಡ ಪರ್ಫ್ಯೂಮ್ ಅಂಗಡಿಯಲ್ಲಿ ಕೇಳಿ ನೋಡಿ. ಕೌಂಟರಿನವರು ತೆಗೆದು ತೋರಿಸುವ ಬಾಟಲಿಗಳಲ್ಲಿ ಈ ಎರಡು ಬಹುಮಟ್ಟಿಗೆ ಇದ್ದೇ ಇರುತ್ತವೆ: ಲಾಂಕೋಮ್ ಕಂಪನಿಯ ಲಾ ವೀ ಎ ಬೆಲ್, ವಿಕ್ಟರ್ ಅಂಡ್ ರಾಲ್ಫ್ ಹೆಸರಿನ ಫ್ಲವರ್‌ಬಾಂಬ್. ಎರಡನ್ನೂ ಕಾಗದದ ಪಟ್ಟಿಯ ಮೇಲೆ ಹೊಡೆದು ಮೂಗಿಗೆ ಹಿಡಿದರೆ ಎರಡೂ ಚೆನ್ನಾಗಿವೆ ಅನ್ನಿಸುತ್ತದೆ. ತೊಂದರೆ ಶುರುವಾಗುವುದೇ ಅಲ್ಲಿ. ಆ ಮೊದಲ ಐದು ನಿಮಿಷದ ಘಮ ಅಂಗಡಿಯ ಬಾಗಿಲಲ್ಲೇ ಉಳಿಯುತ್ತದೆ. ನಿಮ್ಮೊಡನೆ ಮನೆಗೆ, ಕಚೇರಿಗೆ, ಮದುವೆ ಮನೆಗೆ ಬರುವುದು ನಾಲ್ಕನೇ ಗಂಟೆಯ ಘಮ, ಅಂದರೆ ಮೈಗೆ ಹಾಕಿ ನಾಲ್ಕು ಗಂಟೆ ಕಳೆದ ಮೇಲೂ ಉಳಿಯುವಂಥದ್ದು. ದುಡ್ಡು ಕೊಡಬೇಕಾದದ್ದು ಅದಕ್ಕೆ. ಅದನ್ನು ಹಿಡಿಯುವುದು ಹೇಗೆ ಎಂಬುದಷ್ಟೇ ಇಲ್ಲಿನ ವಿಷಯ.

ಮೊದಲು ಎರಡನ್ನೂ ಬಿಡಿಸಿ ನೋಡಿ

ಫ್ಲವರ್‌ಬಾಂಬ್ ಅಕ್ಕ, 2005ರದ್ದು. ಲಾ ವೀ ಎ ಬೆಲ್ ತಂಗಿ, 2012ರದ್ದು. ಅಕ್ಕತಂಗಿ ಎಂದದ್ದು ಬರೀ ಮಾತಿಗಲ್ಲ. ಎರಡೂ ಫ್ರಾನ್ಸಿನ ಲೋರಿಯಲ್ ಕಂಪನಿಯ ಕೈಕೆಳಗೆ ಬರುತ್ತವೆ, ಎರಡರ ತಯಾರಿಯಲ್ಲೂ ಒಲಿವಿಯೆ ಪೋಲ್ಜ್ ಎಂಬ ಪರ್ಫ್ಯೂಮ್ ತಯಾರಕರ ಕೈ ಇದೆ. ಫ್ಲವರ್‌ಬಾಂಬಿನಲ್ಲಿ ಅವರ ಜೊತೆಗಿದ್ದವರು ಕಾರ್ಲೋಸ್ ಬೆನೈಮ್ ಮತ್ತು ಡೊಮಿಟಿಲ್ ಬರ್ತಿಯೆ. ಲಾ ವೀ ಎ ಬೆಲ್‌ನಲ್ಲಿ ಡೊಮಿನಿಕ್ ರೋಪಿಯೋ ಮತ್ತು ಆನ್ ಫ್ಲಿಪೊ. ಎರಡರ ನಡುವೆ ಹೋಲಿಕೆ ಕಂಡು ಗೊಂದಲವಾದರೆ ಅದು ನಿಮ್ಮ ಮೂಗಿನ ತಪ್ಪಲ್ಲ.

ಎರಡರ ತಳಪಾಯವೂ ಹತ್ತಿರ ಹತ್ತಿರ ಒಂದೇ: ಪಚೋಲಿ, ವೆನಿಲ್ಲಾ, ಸಕ್ಕರೆ ಪಾಕದ ಸಿಹಿ. ಪಚೋಲಿ ಎಂದರೆ ಬೇರೇನಲ್ಲ, ನಮ್ಮಲ್ಲಿ ಹೂಮಾಲೆಗೆ ಸೇರಿಸಿ ಕಟ್ಟುವ ಪಚ್ಚೆತೆನೆಯ ಬಳಗದ ಗಿಡ. ಅದರ ಎಲೆಯ ಎಣ್ಣೆಗೆ ಒದ್ದೆ ಮಣ್ಣಿನ, ಹಳೇ ಮರದ ಪೆಟ್ಟಿಗೆಯ ವಾಸನೆ. ಸಿಹಿ ಬರುವುದು ಮುಖ್ಯವಾಗಿ ಈಥೈಲ್ ಮಾಲ್ಟಾಲ್ ಎಂಬ ರಾಸಾಯನಿಕದಿಂದ; ಜಾತ್ರೆಯಲ್ಲಿ ಕೋಲಿಗೆ ಸುತ್ತಿಕೊಡುವ, ಹತ್ತಿಯಂಥ ಬಾಂಬೆ ಮಿಠಾಯಿಯ ಘಮ ಅದರದ್ದು. ಈ ಸಕ್ಕರೆಯನ್ನೂ ಆ ಮಣ್ಣನ್ನೂ ಧೈರ್ಯವಾಗಿ ಜೋಡಿಸಿ ಹೆಸರು ಮಾಡಿದ್ದು 1992ರ ಏಂಜೆಲ್ ಎಂಬ ಪರ್ಫ್ಯೂಮ್. ಇವೆರಡೂ ಅದೇ ದಾರಿಯಲ್ಲಿ ಹುಟ್ಟಿದವು, ಆದರೆ ಅದರಷ್ಟು ಒರಟಲ್ಲ.

ವ್ಯತ್ಯಾಸ ಇರುವುದು ಸಿಹಿ ಎಷ್ಟಿದೆ ಎಂಬುದರಲ್ಲಿ ಅಲ್ಲ, ಎಲ್ಲಿ ಕೂತಿದೆ ಎಂಬುದರಲ್ಲಿ.

ಲಾ ವೀ ಎ ಬೆಲ್‌ನಲ್ಲಿ ಸಿಹಿ ಬಾಗಿಲಲ್ಲೇ ನಿಂತಿರುತ್ತದೆ. ಮೊದಲಿಗೆ ಪೇರ್ ಹಣ್ಣು, ಬ್ಲ್ಯಾಕ್‌ಕರಂಟ್. ಹತ್ತು ನಿಮಿಷದಲ್ಲಿ ಅದು ಪ್ರಾಲೀನ್ ಆಗಿ ಬದಲಾಗುತ್ತದೆ. ಪ್ರಾಲೀನ್ ತಿಂದು ಗೊತ್ತಿಲ್ಲದಿದ್ದರೆ, ಚಿಕ್ಕಿ ಮಾಡುವಾಗ ಪಾಕ ಕೆಂಪಗಾಗಿ ಬೀಜ ಹಾಕುವ ಹೊತ್ತಿನ ವಾಸನೆ ನೆನಪಿಸಿಕೊಳ್ಳಿ. ಅದರ ಹಿಂದೆ ಐರಿಸ್ ಬರುತ್ತದೆ. ಹೆಸರು ಹೂವಿನದಾದರೂ ಈ ಪರಿಮಳ ತೆಗೆಯುವುದು ಗಿಡದ ಗೆಡ್ಡೆಯಿಂದ. ಕಿತ್ತ ಗೆಡ್ಡೆಯನ್ನು ವರ್ಷಗಟ್ಟಲೆ ಒಣಗಿಸಿಟ್ಟರೇ ಅದರ ಘಮ ಬಲಿಯುವುದು. ಪೌಡರ್ ಡಬ್ಬಿ ತೆರೆದಾಗ, ಹೊಸ ಲಿಪ್‌ಸ್ಟಿಕ್ ಮುಚ್ಚಳ ತೆಗೆದಾಗ ಬರುವಂಥ ಒಣ, ನಯವಾದ ವಾಸನೆ ಅದು. ಈ ಪೌಡರಿನ ಗುಣವೇ ಲಾ ವೀ ಎ ಬೆಲ್‌ನ ಗುರುತು. ಇದು ಹಿಡಿಸಿದರೆ ಪರ್ಫ್ಯೂಮೂ ಹಿಡಿಸುತ್ತದೆ, ಹಿಡಿಸದಿದ್ದರೆ ಎಷ್ಟು ಹಾಕಿದರೂ ಒಗ್ಗುವುದಿಲ್ಲ.

ಫ್ಲವರ್‌ಬಾಂಬ್ ಶುರುವಾಗುವುದು ಟೀ ಎಲೆ ಮತ್ತು ಬರ್ಗಮಾಟ್ ಎಂಬ ನಿಂಬೆ ಜಾತಿಯ ಸಿಪ್ಪೆಯಿಂದ. ಆಮೇಲೆ ಹೂಗಳ ಗುಂಪು: ಮಲ್ಲಿಗೆ, ಗುಲಾಬಿ, ಫ್ರೀಸಿಯಾ, ಆರ್ಕಿಡ್, ಏಪ್ರಿಕಾಟ್ ಹಣ್ಣಿನಂತೆ ಘಮಿಸುವ ಆಸ್ಮಾಂಥಸ್. ಯಾವೊಂದು ಹೂವನ್ನೂ ಬೇರೆ ಮಾಡಿ ಇದು ಇಂಥದ್ದು ಅನ್ನಲಾಗದು. ಒಟ್ಟಾಗಿ ಹೂವಿನಂಗಡಿಯ ಮುಂದೆ ನಿಂತಂತೆ. ಸಿಹಿ ಇಲ್ಲಿ ಅಡಿಯಲ್ಲಿದೆ. ಗಂಟೆ ಕಳೆದಂತೆ ಮಸ್ಕ್ (ಕಸ್ತೂರಿಯಂಥ ಘಮ) ಮತ್ತು ವೆನಿಲ್ಲಾದ ಜೊತೆ ಮೇಲೆ ಬರುತ್ತದೆ, ಮೈಗೆ ಅಂಟಿದ ಬೆಚ್ಚಗಿನ ಘಮವಾಗಿ ನಿಲ್ಲುತ್ತದೆ. (ಫ್ರೀಸಿಯಾ, ಆರ್ಕಿಡ್‌ಗಳಿಂದ ಎಣ್ಣೆ ತೆಗೆಯುವ ಪದ್ಧತಿ ಇಲ್ಲ. ಬಾಟಲಿಯಲ್ಲಿರುವುದು ಪ್ರಯೋಗಾಲಯದಲ್ಲಿ ಕಟ್ಟಿದ ಅವುಗಳ ಹೋಲಿಕೆ. ಪೇರ್ ಹಣ್ಣಿನದ್ದೂ ಇದೇ ಕಥೆ. ಇದು ಮೋಸವಲ್ಲ, ಇಡೀ ಕಸುಬು ನಡೆಯುವುದೇ ಹಾಗೆ.)

ಒಂದು ನಿರಾಸೆಯನ್ನು ಈಗಲೇ ಮುಗಿಸಿಬಿಡುವುದು ಒಳ್ಳೆಯದು. ಎರಡರ ಜಾಹೀರಾತಿನಲ್ಲೂ ಸಾಂಬಾಕ್ ಮಲ್ಲಿಗೆಯ ಹೆಸರಿದೆ. ನಮ್ಮ ದುಂಡು ಮಲ್ಲಿಗೆ, ಉಡುಪಿ ಕಡೆಯ ಶಂಕರಪುರ ಮಲ್ಲಿಗೆ ಇದೇ ಜಾತಿಯವು. ಆದರೆ ಸಂಜೆ ಮುಡಿದ ಮಲ್ಲಿಗೆಯ ಘಮ ಎರಡರಲ್ಲೂ ಸಿಗುವುದಿಲ್ಲ. ಸಕ್ಕರೆ, ಪಚೋಲಿಗಳ ನಡುವೆ ಮಲ್ಲಿಗೆ ಕರಗಿಹೋಗಿರುತ್ತದೆ. ಬೇಕಾದದ್ದು ಅಪ್ಪಟ ಮಲ್ಲಿಗೆಯೇ ಆದರೆ ಕೊಳ್ಳಬೇಕಾದ್ದು ಮಲ್ಲಿಗೆ ಅತ್ತರು, ಇವೆರಡೂ ಅಲ್ಲ.

ಅಂಗಡಿಗೆ ಹೋಗುವ ಮುನ್ನ

ಹೋಗುವ ದಿನ ಘಮವಿಲ್ಲದ ಅಥವಾ ತೀರಾ ಸೌಮ್ಯ ಸೋಪು ಹಚ್ಚಿ ಸ್ನಾನ ಮಾಡಿ. ಗಂಧದ ಸೋಪು ಬೇಡ. ಶ್ರೀಗಂಧದ ಘಮ ಪಚೋಲಿಯ ಜೊತೆ ಚೆನ್ನಾಗಿಯೇ ಬೆರೆಯುತ್ತದೆ, ಆದರೆ ಆಗ ನೀವು ಮೆಚ್ಚಿದ್ದು ಸೋಪನ್ನೋ ಸೆಂಟನ್ನೋ ಗೊತ್ತಾಗುವುದಿಲ್ಲ. ಪೌಡರ್, ಬಾಡಿ ಸ್ಪ್ರೇ, ಮುಡಿಯಲ್ಲಿ ಹೂ ಇವೂ ಆ ದಿನ ಬೇಡ. ಮುಂಗೈಗೆ ಘಮವಿಲ್ಲದ ಮಾಯಿಶ್ಚರೈಸರ್ ತೆಳುವಾಗಿ ಹಚ್ಚಿಕೊಳ್ಳಿ. ಒಣ ಚರ್ಮದ ಮೇಲೆ ಪರ್ಫ್ಯೂಮ್ ಬೇಗ ಹಾರಿಹೋಗುತ್ತದೆ, ಆಗ ಒಳ್ಳೆಯದೂ ನಿಲ್ಲುವುದಿಲ್ಲ ಎಂಬ ತಪ್ಪು ತೀರ್ಮಾನಕ್ಕೆ ಬರುತ್ತೀರಿ.

ಹಿಂದಿನ ದಿನಗಳಲ್ಲಿ ಕೈಗೆ ವ್ಯಾಕ್ಸಿಂಗ್ ಮಾಡಿಸಿದ್ದರೆ ಎರಡು ದಿನ ಬಿಟ್ಟು ಹೋಗಿ. ಪರ್ಫ್ಯೂಮಿನ ಬಹುಪಾಲು ಆಲ್ಕೋಹಾಲು; ಉರಿಯುತ್ತದೆ.

ಹೊತ್ತು ಬೆಳಗಿನದಾದರೆ ವಾಸಿ. ನಾಲ್ಕು ಗಂಟೆ ಕಾಯಬೇಕಲ್ಲ.

ಅಂಗಡಿಯಲ್ಲಿ

1. ಮೊದಲು ಕಾಗದದ ಪಟ್ಟಿ. ಒಂದೊಂದರ ಮೇಲೆ ಒಂದೇ ಸ್ಪ್ರೇ, ತುದಿಯಲ್ಲಿ ಪೆನ್ನಿನಿಂದ ಹೆಸರು. ಹೆಸರು ಬರೆಯದಿದ್ದರೆ ಇಪ್ಪತ್ತು ನಿಮಿಷದ ನಂತರ ಯಾವುದು ಯಾವುದೆಂದು ಪೇಚಾಡುವುದು ಖಂಡಿತ.

2. ಹೊಡೆದ ಕೂಡಲೇ ಮೂಗಿಗೆ ಹಿಡಿಯಬೇಡಿ. ಸಿಗುವುದು ಆಲ್ಕೋಹಾಲಿನ ಘಾಟು ಮಾತ್ರ. ಅರ್ಧ ನಿಮಿಷ ಬಿಟ್ಟು, ಮೂಗಿನಿಂದ ಎರಡಿಂಚು ದೂರದಲ್ಲಿ ಹಿಡಿದು ಮೆಲ್ಲಗೆ ಉಸಿರೆಳೆಯಿರಿ.

3. ಕಾಗದದ ಕೆಲಸ ಇಷ್ಟೇ: ಎರಡರಲ್ಲಿ ಯಾವುದಾದರೂ ಸಹಿಸಲಾಗದಂತಿದೆಯೇ ಎಂದು ನೋಡುವುದು. ಒಂದರಿಂದ ತಲೆನೋವು ಶುರುವಾದರೆ ಅದನ್ನು ಅಲ್ಲೇ ಬಿಡಿ. ಎರಡರಿಂದಲೂ ಆದರೆ ಈ ಸಕ್ಕರೆಯ ದಾರಿಯೇ ನಿಮ್ಮದಲ್ಲ. ಡಿಯೋರ್‌ನ ಜಾದೋರ್‌ನಂಥ, ಮಿಠಾಯಿಯ ಸಿಹಿ ಇಲ್ಲದ ಹೂವಿನ ಪರ್ಫ್ಯೂಮು ಕೇಳಿ.

4. ಎರಡೂ ಪಾಸಾದರೆ ಈಗ ಚರ್ಮ. ಎಡ ಮುಂಗೈಗೆ ಲಾ ವೀ ಎ ಬೆಲ್ ಒಂದು ಸ್ಪ್ರೇ, ಬಲ ಮುಂಗೈಗೆ ಫ್ಲವರ್‌ಬಾಂಬ್ ಒಂದು ಸ್ಪ್ರೇ. ಒಂದೇ ಕೈಯ ಮೇಲೆ ಎರಡನ್ನೂ ಹಾಕಬೇಡಿ. ತಳಪಾಯ ಒಂದೇ ಥರ ಇರುವುದರಿಂದ ಒಂದರೊಳಗೊಂದು ಸೇರಿಕೊಂಡು ಮೂರನೆಯದೇ ಆಗಿಬಿಡುತ್ತದೆ. ಮಣಿಕಟ್ಟಿಗಿಂತ ಮೊಣಕೈ ಕಡೆಗೆ ಸ್ವಲ್ಪ ಮೇಲೆ ಹಾಕಿ, ಕೈ ತೊಳೆದರೂ ಉಳಿಯುತ್ತದೆ.

5. ಉಜ್ಜಬೇಡಿ. ಎರಡು ಮಣಿಕಟ್ಟು ಸೇರಿಸಿ ತಿಕ್ಕುವುದು ಎಲ್ಲರಿಗೂ ಇರುವ ಚಾಳಿ. ಮೊದಲ ಹಂತದ ಹಗುರ ಪರಿಮಳಗಳು ಅದರಿಂದ ಬೇಗ ಆವಿಯಾಗುತ್ತವೆ. ಈ ಪರೀಕ್ಷೆಯಲ್ಲಂತೂ ಎರಡು ಕೈಯ ಸೆಂಟೂ ಕಲಸಿಹೋಗುತ್ತದೆ.

6. ಮೂರನೆಯ ಬಾಟಲಿ ಮುಟ್ಟದೆ ಹೊರಗೆ ಬನ್ನಿ. ಕೌಂಟರಿನಲ್ಲಿ ಕಾಫಿ ಬೀಜದ ಬಟ್ಟಲಿಟ್ಟು ಮೂಗು ಸರಿಹೋಗುತ್ತದೆ ಅನ್ನುತ್ತಾರೆ. ಕಾಫಿಯೂ ಇನ್ನೊಂದು ಗಟ್ಟಿ ವಾಸನೆಯೇ. ಹೊರಗಿನ ಗಾಳಿ ಸಾಕು, ಇಲ್ಲವೇ ನಿಮ್ಮದೇ ಒಗೆದ ದುಪಟ್ಟಾದ ತುದಿ.

ಈ ದಿನವೇ ಕೊಂಡರೆ ಇಷ್ಟು ರಿಯಾಯಿತಿ ಎನ್ನುತ್ತಾರೆ. ರಿಯಾಯಿತಿ ಮತ್ತೆ ಬರುತ್ತದೆ. ತೆರೆದ ಪರ್ಫ್ಯೂಮನ್ನು ಸಾಮಾನ್ಯವಾಗಿ ಯಾರೂ ವಾಪಸ್ ತೆಗೆದುಕೊಳ್ಳುವುದಿಲ್ಲ.

ಗಡಿಯಾರ ನೋಡಿಕೊಂಡು ಮೂಸುವ ಕೆಲಸ

ಹದಿನೈದನೇ ನಿಮಿಷ, ಒಂದನೇ ಗಂಟೆ, ನಾಲ್ಕನೇ ಗಂಟೆ, ರಾತ್ರಿ ಮಲಗುವಾಗ. ನಾಲ್ಕೇ ಸಲ. ನಡುವೆ ಪದೇ ಪದೇ ಕೈ ಮೂಸುತ್ತಿದ್ದರೆ ಮೂಗು ಆ ವಾಸನೆಗೆ ಒಗ್ಗಿಹೋಗಿ, ಏನೂ ಉಳಿದಿಲ್ಲ ಅನ್ನಿಸತೊಡಗುತ್ತದೆ.

ಹದಿನೈದನೇ ನಿಮಿಷಕ್ಕೆ ಬಹಳ ಜನ ಲಾ ವೀ ಎ ಬೆಲ್ ಕಡೆ ವಾಲುತ್ತಾರೆ. ಹಣ್ಣು, ಪಾಕ ಎರಡೂ ಸೇರಿದ ಆ ಘಮ ಯಾರಿಗಾದರೂ ಬೇಗ ಅರ್ಥವಾಗುತ್ತದೆ. ಒಂದನೇ ಗಂಟೆಗೆ ಐರಿಸ್ ಸ್ಪಷ್ಟವಾಗಿರುತ್ತದೆ. ಪೌಡರ್ ಗುಣ ಇಷ್ಟವೋ ಇಲ್ಲವೋ ಎಂಬುದನ್ನು ಇಲ್ಲಿ ನಿರ್ಧರಿಸಿ. ಅದೇ ಹೊತ್ತಿಗೆ ಫ್ಲವರ್‌ಬಾಂಬಿನ ಹೂಗಳು ತುಂಬಾ ಅರಳಿರುತ್ತವೆ.

ನಾಲ್ಕನೇ ಗಂಟೆ ಬೇರೆ. ಲಾ ವೀ ಎ ಬೆಲ್ ಒಳ್ಳೆಯ ಚರ್ಮದ ಮೇಲೆ ವೆನಿಲ್ಲಾ, ಅದರಂತೆಯೇ ಸಿಹಿಯಾಗಿ ಘಮಿಸುವ ಟೊಂಕಾ ಬೀಜ, ಒಣಗಿದ ಪಚೋಲಿ ಇವಾಗಿ ಇಳಿಯುತ್ತದೆ. ಒಗ್ಗದ ಚರ್ಮದ ಮೇಲೆ ಸೀದ ಪಾಕದಂತೆ, ಮೂಗಿಗೆ ಕುಟ್ಟುವಂತೆ ಉಳಿಯುತ್ತದೆ. ಫ್ಲವರ್‌ಬಾಂಬ್ ಒಗ್ಗಿದರೆ ಬೆಚ್ಚಗಿನ ಮಸ್ಕ್. ಒಗ್ಗದಿದ್ದರೆ ಹುಳಿ ಹಿಡಿದ ಹೂವಿನ ಬುಟ್ಟಿ. ಇವುಗಳಲ್ಲಿ ನಿಮ್ಮ ಮೈಮೇಲೆ ಆಗುವುದು ಯಾವುದು ಎಂದು ಬರಹ ಓದಿ ತಿಳಿಯುವಂಥದ್ದಲ್ಲ. ಎಡಗೈ ಬಲಗೈ ಎರಡನ್ನೂ ಮೂಸಿ, ಯಾವುದನ್ನು ಇನ್ನೊಮ್ಮೆ ಮೂಸಬೇಕೆನಿಸಿತೋ ಅದು ನಿಮ್ಮದು.

ಒಂದು ತೊಡಕಿದೆ. ಮಸ್ಕ್‌ಗಳ ಅಣು ದೊಡ್ಡದು. ಕೆಲವು ಮಸ್ಕ್‌ಗಳ ವಾಸನೆ ಕೆಲವರ ಮೂಗಿಗೆ ತಿಳಿಯುವುದೇ ಇಲ್ಲ. ಫ್ಲವರ್‌ಬಾಂಬ್ ಎರಡೇ ಗಂಟೆಗೆ ಮಾಯವಾಯಿತು ಎಂದು ದೂರುವವರಲ್ಲಿ ಇಂಥವರೂ ಇದ್ದಾರೆ. ಮೂಸುವಾಗ ಮನೆಯವರಲ್ಲಿ ಒಬ್ಬರನ್ನು ಕರೆದು ಎರಡೂ ಕೈ ಮುಂದೆ ಹಿಡಿಯಿರಿ, ಹೆಸರು ಹೇಳಬೇಡಿ. ಅವರಿಗೆ ಜೋರಾಗಿ ಬರುತ್ತಿದ್ದು ನಿಮಗೆ ಬಾರದಿದ್ದರೆ ಸೆಂಟು ಅಲ್ಲೇ ಇದೆ ಎಂದರ್ಥ. ಇನ್ನೂ ಹಾಕಿಕೊಂಡರೆ ಪಕ್ಕದವರ ಪಾಡು ಕೇಳಬೇಡಿ.

ಚರ್ಮ ಕೆಂಪಾಯಿತೇ, ತುರಿಸಿತೇ ಎಂದು ಮರುದಿನ, ಅದರ ಮರುದಿನವೂ ನೋಡಿ. ಪರ್ಫ್ಯೂಮಿನ ಅಲರ್ಜಿ ಒಂದೆರಡು ದಿನ ತಡವಾಗಿ ಕಾಣಿಸಿಕೊಳ್ಳುವುದುಂಟು. ಡಬ್ಬಿಯ ಮೇಲಿನ ಲಿನಲೂಲ್, ಲಿಮೊನೀನ್, ಕೂಮರಿನ್ ಮುಂತಾದ ಹೆಸರುಗಳು ಇದಕ್ಕೆಂದೇ ಅಚ್ಚಾಗಿರುತ್ತವೆ. ಯಾವುದಾದರೂ ಆಗದೆಂದು ಚರ್ಮದ ವೈದ್ಯರು ಮೊದಲೇ ಹೇಳಿದ್ದರೆ ಅಲ್ಲಿ ಹುಡುಕಿ.

ಊರಿನ ಹವೆ, ಹೋಗುವ ಜಾಗ

ಈ ಪರ್ಫ್ಯೂಮುಗಳಿಗೆ ಒಗ್ಗುವುದು ತಂಪು ಹವೆ. ಬಿಸಿಲಿಗೆ ಪರಿಮಳ ಬೇಗ ಮೇಲೇಳುತ್ತದೆ, ಬೆವರಿನ ತೇವದಲ್ಲಿ ಸಿಹಿ ಇನ್ನಷ್ಟು ದಪ್ಪವಾಗುತ್ತದೆ. ಬೆಂಗಳೂರು, ಮಡಿಕೇರಿಯ ಚಳಿಗಾಲದ ಬೆಳಗಿನಲ್ಲಿ ಮುದ್ದಾಗಿರುವ ಲಾ ವೀ ಎ ಬೆಲ್ ಏಪ್ರಿಲ್‌ನ ಮಂಗಳೂರಿನಲ್ಲಿ ಉಸಿರು ಕಟ್ಟಿಸಬಲ್ಲದು. ಕರಾವಳಿಯವರಿಗೆ, ಕಲಬುರಗಿ ರಾಯಚೂರಿನ ಬೇಸಿಗೆಯವರಿಗೆ, ದುಬೈ ಮಸ್ಕತ್ತಿನಲ್ಲಿ ಇರುವವರಿಗೆ ಎರಡರಲ್ಲಿ ಫ್ಲವರ್‌ಬಾಂಬ್ ಕಡಿಮೆ ಅಪಾಯದ್ದು. ಅದೂ ಒಂದೇ ಸ್ಪ್ರೇ, ಸಂಜೆ ಮೇಲೆ. ಚಳಿಯ ಊರುಗಳಲ್ಲಿ ಸ್ವೆಟರು ಕೋಟುಗಳ ನಡುವಿಂದ ಹೊರಬರುವಷ್ಟು ಶಕ್ತಿ ಇರುವುದು ಲಾ ವೀ ಎ ಬೆಲ್‌ಗೆ.

ಎಸಿ ಕಚೇರಿ, ಕಾರು, ಮೆಟ್ರೊ ಎಂದರೆ ಮುಚ್ಚಿದ ಜಾಗ. ಅಲ್ಲಿ ದೂರಕ್ಕೆ ಹರಡುವ ಸೆಂಟು ಗುಣವಲ್ಲ, ದೋಷ. ಎರಡರಲ್ಲಿ ಹೆಚ್ಚು ಹರಡುವುದು ಲಾ ವೀ ಎ ಬೆಲ್. ದಿನದ ಕಚೇರಿಗೆಂದೇ ಕೊಳ್ಳುವವರಿಗೆ ನಮ್ಮ ಮತ ಫ್ಲವರ್‌ಬಾಂಬಿಗೆ. ಆರತಕ್ಷತೆ, ರಾತ್ರಿ ಊಟ, ತೆರೆದ ಅಂಗಳದ ಕಾರ್ಯಕ್ರಮಕ್ಕೆ ಲಾ ವೀ ಎ ಬೆಲ್.

ಎಷ್ಟು ಮಿ.ಲೀ.?

ಒಂದು ಸ್ಪ್ರೇ ಎಂದರೆ ಸುಮಾರು 0.1 ಮಿ.ಲೀ. ಈ ಲೆಕ್ಕದಲ್ಲಿ 30 ಮಿ.ಲೀ. ಬಾಟಲಿಯಲ್ಲಿ 300 ಸ್ಪ್ರೇ. ದಿನಕ್ಕೆ ಎರಡರಂತೆ ಐದು ತಿಂಗಳು. 50 ಮಿ.ಲೀ. ಎಂಟು ತಿಂಗಳು ದಾಟುತ್ತದೆ, 100 ಮಿ.ಲೀ. ಒಂದು ವರ್ಷ ನಾಲ್ಕು ತಿಂಗಳು. ಸಮಾರಂಭಕ್ಕೆ ಮಾತ್ರ, ತಿಂಗಳಿಗೆ ನಾಲ್ಕು ದಿನ, ಮೂರು ಮೂರು ಸ್ಪ್ರೇ ಎಂದರೆ 30 ಮಿ.ಲೀ.ಯೇ ಎರಡು ವರ್ಷ ಬರುತ್ತದೆ. ಬೆಲೆಯನ್ನು ಮಿ.ಲೀ.ಗೆ ಭಾಗಿಸಿದರೆ ದೊಡ್ಡ ಬಾಟಲಿ ಅಗ್ಗ ಕಾಣುವುದು ನಿಜ. ಮುಗಿಯದೆ ಕೆಟ್ಟರೆ ಆ ಅಗ್ಗಕ್ಕೆ ಅರ್ಥವಿಲ್ಲ.

ಇನ್ನೂ ಅನುಮಾನವಿದ್ದರೆ ನೇರವಾಗಿ ಬಾಟಲಿಗೆ ಹೋಗಬೇಡಿ. ಕಂಪನಿಯ 1.2 ಮಿ.ಲೀ. ಸ್ಯಾಂಪಲ್ ವಯಲ್‌ನಲ್ಲಿ ಹನ್ನೆರಡು ಸ್ಪ್ರೇಯಷ್ಟು ಇರುತ್ತದೆ, ಒಂದು ವಾರ ಹಾಕಿ ನೋಡಲು ಧಾರಾಳ. ಬೇರೆ ಏನಾದರೂ ಕೊಂಡಾಗ ಇವೆರಡರ ಸ್ಯಾಂಪಲ್ ಕೇಳಿ ಪಡೆಯಿರಿ, ಕೇಳದೆ ಕೊಡುವುದು ಅಪರೂಪ.

ಹೆಸರಿನ ಬಲೆ

ಡಬ್ಬಿಯ ಮೇಲಿನ ಪೂರ್ತಿ ಹೆಸರು ಓದಿ. ಲಾ ವೀ ಎ ಬೆಲ್ ಎಂದು ಶುರುವಾಗಿ ಮುಂದೆ ಎಂತೆನ್ಸೆಮಾ, ಲೆಕ್ಲಾ ಎಂದಿದ್ದರೆ ಅದು ಬೇರೆ ಪರ್ಫ್ಯೂಮ್. ಫ್ಲವರ್‌ಬಾಂಬ್ ನೆಕ್ಟರ್, ಮಿಡ್‌ನೈಟ್, ರೂಬಿ ಆರ್ಕಿಡ್ ಇವೂ ಬೇರೆಯೇ. ಬಾಟಲಿಯ ಆಕಾರ ಒಂದೇ ಥರ ಇರುವುದರಿಂದ ಆನ್‌ಲೈನ್‌ನಲ್ಲಿ ಚಿತ್ರ ನೋಡಿ ಒತ್ತಿದವರು ಮೋಸ ಹೋಗುತ್ತಾರೆ. ಪರೀಕ್ಷೆ ಮಾಡಿದ್ದು ಒಂದು, ಮನೆಗೆ ಬಂದದ್ದು ಇನ್ನೊಂದು. ಇಲ್ಲಿ ಹೇಳಿದ್ದೆಲ್ಲ ಮೂಲ ಇಡಿಪಿಯ (ಓ ದ ಪರ್ಫಾಂ, ಗಾಢವಾದ ಬಗೆ) ಬಗ್ಗೆ. ಅದೇ ಹೆಸರಿನ ಇಡಿಟಿ (ಓ ದ ತ್ವಾಲೆತ್) ಸಿಕ್ಕರೆ ಅದು ಹಗುರ, ಬೇಗ ಇಳಿಯುತ್ತದೆ.

ನಕಲಿಯ ವಿಚಾರ. ಈ ಎರಡೂ ಹೆಚ್ಚು ನಕಲಾಗುವ ಸೆಂಟುಗಳು. ಭಾರತದಲ್ಲಿ ಕ್ರಮವಾಗಿ ಆಮದಾದ ಡಬ್ಬಿಯ ಮೇಲೆ ಆಮದುದಾರರ ಹೆಸರು ವಿಳಾಸ, ಎಲ್ಲ ತೆರಿಗೆ ಸೇರಿದ ಎಂಆರ್‌ಪಿ, ಆಮದಿನ ನೋಂದಣಿ ಸಂಖ್ಯೆ ಇರುವ ಚೀಟಿ ಅಂಟಿಸಿರಬೇಕು. ಡಬ್ಬಿಯ ತಳದ ಬ್ಯಾಚ್ ನಂಬರೂ ಬಾಟಲಿಯ ತಳದ್ದೂ ಒಂದೇ ಆಗಿರಬೇಕು. ಬಾಟಲಿಯ ಮೇಲೆ ಅದು ಅಚ್ಚಾಗಿರುತ್ತದೆ ಅಥವಾ ಕೊರೆದಿರುತ್ತದೆ, ಬೆರಳಲ್ಲಿ ಉಜ್ಜಿದರೆ ಬರುವಂತಿದ್ದರೆ ಅನುಮಾನಿಸಿ. 'ಫಸ್ಟ್ ಕಾಪಿ' ಎಂದರೆ ನಕಲಿ, ಅದಕ್ಕೆ ಎರಡನೇ ಅರ್ಥವಿಲ್ಲ. ಮೊದಲ ಹತ್ತು ನಿಮಿಷ ನಕಲಿಯೂ ಅಸಲಿಯಂತೆಯೇ ಇರುತ್ತದೆ. ಅಲ್ಲೂ ಬಣ್ಣ ಬಯಲಾಗುವುದು ನಾಲ್ಕನೇ ಗಂಟೆಗೆ: ಬರೀ ವೆನಿಲ್ಲಾ ಎಸೆನ್ಸಿನ ವಾಸನೆ, ಅಥವಾ ಏನೂ ಇಲ್ಲ.

ವಿದೇಶದಿಂದ ಯಾರಾದರೂ ತರುವುದಾದರೆ ಕೈಚೀಲದಲ್ಲಿ 100 ಮಿ.ಲೀ. ಮೀರಿದ ಬಾಟಲಿ ಬೇಡ, ಚೆಕ್‌ಇನ್ ಸಾಮಾನಿನಲ್ಲಿಡಲಿ. ಡ್ಯೂಟಿ ಫ್ರೀಯಲ್ಲಿ ಕೊಂಡದ್ದಾದರೆ ಅವರು ಕೊಟ್ಟ ಸೀಲ್ ಚೀಲವನ್ನು ಊರು ಮುಟ್ಟುವವರೆಗೆ ಹರಿಯಬಾರದು.

ಬೇರೆಯವರಿಗೆ ಉಡುಗೊರೆಯಾಗಿ

ಅವರ ಚರ್ಮದ ಮೇಲೆ ಪರೀಕ್ಷೆ ಆಗದು, ಊಹೆ ಮಾಡಬೇಕು. ಅವರ ಕನ್ನಡಿ ಮುಂದಿನ ಸಾಮಾನು ನೋಡಿ. ಪೌಡರ್, ವೆನಿಲ್ಲಾ ಲೋಷನ್, ಬಾದಾಮಿ ಎಣ್ಣೆಯ ಘಮಗಳಿದ್ದರೆ ಲಾ ವೀ ಎ ಬೆಲ್. ಗುಲಾಬಿ ನೀರು, ಹೂವಿನ ಬಾಡಿ ಮಿಸ್ಟ್, ದಿನಾ ಮುಡಿಗೆ ಹೂ ಇದ್ದರೆ ಫ್ಲವರ್‌ಬಾಂಬ್. ಅತ್ತೆ, ದೊಡ್ಡಮ್ಮನ ವಯಸ್ಸಿನವರಿಗೆ ಕೊಡುವಾಗ ಸಿಹಿ ಜಾಸ್ತಿ ಆಯಿತೇನೋ ಎಂಬ ಅಳುಕಿದ್ದರೆ 30 ಮಿ.ಲೀ. ಕೊಡಿ. ಆಸ್ತಮಾ, ಅರೆತಲೆನೋವು ಇರುವವರಿಗೆ ಎರಡೂ ಬೇಡ, ಸೀರೆಯೇ ವಾಸಿ.

ತಂದ ಮೇಲೆ ಹಾಕುವ ಬಗೆ

ಸ್ನಾನ ಮುಗಿಸಿ, ಮೈ ಒರೆಸಿ, ಮಾಯಿಶ್ಚರೈಸರ್ ಹಚ್ಚಿ, ಬಟ್ಟೆ ಉಡುವ ಮೊದಲು. ಚರ್ಮದಿಂದ ಒಂದು ಗೇಣು ದೂರದಿಂದ: ಲಾ ವೀ ಎ ಬೆಲ್ ಎರಡು ಸ್ಪ್ರೇ, ಫ್ಲವರ್‌ಬಾಂಬ್ ಮೂರು. ಕತ್ತಿನ ಹಿಂಭಾಗ, ಮೊಣಕೈಯ ಒಳಮಡಿಕೆ. ಮುಚ್ಚಿದ ಕೋಣೆಯಲ್ಲಿ ಕೂರುವ ದಿನ ಕತ್ತು ಬಿಟ್ಟು ಹೊಟ್ಟೆಯ ಮೇಲೆ ಒಂದೇ ಒಂದು. ಬಟ್ಟೆಯಡಿಯಿಂದ ಮೆಲ್ಲಗೆ ಬರುತ್ತದೆ. ಎರಡು ನಿಮಿಷ ಒಣಗಲು ಬಿಡಿ.

ರೇಷ್ಮೆ ಸೀರೆಯ ಮೇಲೆ ನೇರವಾಗಿ ಯಾವತ್ತೂ ಹೊಡೆಯಬೇಡಿ. ಆಲ್ಕೋಹಾಲು, ಬಣ್ಣ, ಎಣ್ಣೆ ಮೂರೂ ಸೇರಿ ಬಿಡುವ ಕಲೆ ಡ್ರೈ ಕ್ಲೀನಿಂಗ್‌ನಲ್ಲೂ ಪೂರ್ತಿ ಹೋಗದಿರಬಹುದು, ಜರಿಗೂ ಒಳ್ಳೆಯದಲ್ಲ. ಮುತ್ತಿನ ಸರ ಹಾಕುವುದಿದ್ದರೆ ಸೆಂಟು ಒಣಗಿದ ಮೇಲೆ. ಕೂದಲಲ್ಲಿ ಘಮ ಬೇಕೆನಿಸಿದರೆ ಬಾಚಣಿಗೆಗೆ ಒಂದು ಸ್ಪ್ರೇ ಹೊಡೆದು, ಅರ್ಧ ನಿಮಿಷ ಬಿಟ್ಟು ಬಾಚಿಕೊಳ್ಳಿ.

ಬಾಟಲಿ ಇಡುವ ಜಾಗ ಬಚ್ಚಲಮನೆಯಲ್ಲ, ಬಿಸಿಲು ಬೀಳುವ ಕಿಟಕಿಯ ಕನ್ನಡಿ ಮೇಜೂ ಅಲ್ಲ. ಅದರ ಡಬ್ಬಿಯಲ್ಲೇ ಇಟ್ಟು ಬಟ್ಟೆ ಬೀರುವಿನ ಕೆಳ ಅರೆಯಲ್ಲಿಡಿ. ಹೀಗಿಟ್ಟರೆ ತೆರೆದ ಮೇಲೂ ಮೂರು ವರ್ಷಕ್ಕೆ ಚಿಂತೆಯಿಲ್ಲ. ಬರಬರುತ್ತಾ ಬಣ್ಣ ಗಾಢವಾದಂತೆ ಕಂಡರೆ ಗಾಬರಿಯಾಗಬೇಡಿ. ವೆನಿಲ್ಲಾ ಇರುವ ಸೆಂಟುಗಳು ಗಾಳಿ ಬೆಳಕಿಗೆ ಕಪ್ಪಾಗುವುದು ಸಹಜ. ಹೊಡೆದ ಒಂದು ನಿಮಿಷದ ಮೇಲೂ ವಿನೆಗರ್‌ನಂಥ ಹುಳಿ ಘಾಟು ಹೋಗದಿದ್ದರೆ ಮಾತ್ರ ಕೆಟ್ಟಿದೆ ಎಂದು ತಿಳಿಯಿರಿ. ಅಂಥದ್ದನ್ನು ಮೈಗೆ ಹಾಕಬೇಡಿ.